ಬುಡಕ್ಕೆ ಕಡಿದ ಕಾಫಿ

ಈ ಮನೆಯಲ್ಲಿ ಗಂಡನ ಅಣ್ಣನನ್ನು ಏಕವಚನದಲ್ಲಿ ಮಾತಾಡಿಸುವ ಹಾಗಿಲ್ಲ. ಹಾಗಾಗಿ ನಮ್ಮ ಭಾವನವರನ್ನು ಮನಸ್ಸಿನಲ್ಲಿ ಬೈಯುವಾಗಲೂ ನಾನು ಬಹುವಚನದಲ್ಲೇ ಬೈಯುತ್ತೇನೆ. ಭಾವನವರು ಮೂರ್ಖರು. ಭಾವನವರು ಹಟಮಾರಿಗಳು. ಭಾವನವರ ಬಾಯಿಗೆ ಮಣ್ಣು ಬೀಳಲಿ ಅಂತ ಮಾತ್ರ ಇನ್ನೂ ಅಂದಿಲ್ಲ. ಅದೂ ಎಷ್ಟೋ ಸಲ ನಾಲಿಗೆ ತುದಿಗೆ ಬಂದು ಹೋಗಿದೆ. ಅವರ ಹೆಸರು ಗಂಗಹನುಮಯ್ಯ. ಕೋಡಿಹಳ್ಳಿ ಸುತ್ತಮುತ್ತ ರೇಷ್ಮೆಹುಳ ಸಾಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಅಂತ ಜನ ಹೇಳುತ್ತಾರೆ. ಅದು ನಿಜ, ನಿಜವನ್ನು ಇಲ್ಲ ಅನ್ನುವವಳಲ್ಲ ನಾನು. ಆದರೆ ಹಿಪ್ಪುನೇರಳೆ ಬಿಟ್ಟರೆ ಭೂಮಿಯ ಮೇಲೆ ಬೇರೆ ಗಿಡವೂ ಹುಟ್ಟುತ್ತದೆ ಅನ್ನುವುದನ್ನು ಅವರು ಇವತ್ತಿಗೂ ಒಪ್ಪಿಲ್ಲ.

ನಾನು ವರಲಕ್ಷ್ಮಮ್ಮ, ತವರು ಮಾಗಡಿ. ನಮ್ಮ ಯಜಮಾನರು ಮುನಿಕೃಷ್ಣ, ಭಾವನವರ ಒಬ್ಬನೇ ತಮ್ಮ. ಊರ ಡೈರಿಯಲ್ಲಿ ಹಾಲು ಅಳೆಯುತ್ತಾರೆ. ಜಗಳ ಅಂದರೆ ಅವರಿಗೆ ಆಗುವುದಿಲ್ಲ. ನಾನು ಹೇಳಿದಾಗ ‘ಹೂಂ’, ಅಣ್ಣ ಹೇಳಿದಾಗಲೂ ‘ಹೂಂ’. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿಯೇ ಅರ್ಧ ಆಯುಸ್ಸು ಕಳೆದ ಮನುಷ್ಯ.

ಕೆರೆ ಹಿಂದಿನ ತೆಂಗಿನ ತೋಟ ಇನ್ನೂ ಭಾಗ ಆಗಿಲ್ಲ, ಇಬ್ಬರ ಹೆಸರಿನಲ್ಲೂ ಇದೆ. ತೆಂಗಿನ ಸಾಲುಗಳ ನಡುವೆ ಮೊದಲು ರಾಗಿ ಹಾಕುತ್ತಿದ್ದೆವು. ರಾಗಿ ತೆನೆಗಟ್ಟುವ ಹೊತ್ತಿಗೆ ಕಾಡಿನಿಂದ ಆನೆ ಇಳಿಯುತ್ತಿತ್ತು. ತಿಂದದ್ದಕ್ಕಿಂತ ತುಳಿದದ್ದೇ ಜಾಸ್ತಿ. ಆನೆ ಕಾಫಿ ಗಿಡದ ತಂಟೆಗೆ ಹೆಚ್ಚಾಗಿ ಹೋಗುವುದಿಲ್ಲ ಅಂತ ಕೇಳಿದ್ದೇ ನಾನು ಹಟ ಹಿಡಿದು ಕೂತೆ. ಬಿಸಿಲ ಸೀಮೆಯಲ್ಲಿ ಕಾಫಿಯಾ ಅಂತ ಊರೆಲ್ಲ ನಕ್ಕಿತು. ನಗಲಿ, ನಗುವುದಕ್ಕೇನು ಕಂದಾಯ ಕಟ್ಟಬೇಕೇ?

ಗಿಡ ತಂದದ್ದು ಚನ್ನಪಟ್ಟಣದ ರಸೂಲ್ ಹತ್ತಿರ. ಅವರ ಮನೆಯವರೆಲ್ಲ ಬೊಂಬೆ ಕಡೆಯುವವರು. ಈತ ಮಾತ್ರ ಉಳಿ ಬಿಟ್ಟು ಕಸಿ ಚಾಕು ಹಿಡಿದು ನರ್ಸರಿ ಮಾಡಿಕೊಂಡಿದ್ದಾನೆ. ಒಳ್ಳೆ ರುಚಿಯ ಕಾಫಿ ಅಂದರೆ ಅರೇಬಿಕಾ, ಆದರೆ ಅದರ ಬೇರು ನಾಜೂಕು. ಗಟ್ಟಿ ಬೇರು ಅಂದರೆ ರೋಬಸ್ಟಾ, ಆದರೆ ಅದರ ಕಾಳು ಒರಟು. ರಸೂಲ್ ರೋಬಸ್ಟಾ ಸಸಿಯ ತಲೆ ಕತ್ತರಿಸಿ, ಸೀಳಿ, ಅದರೊಳಗೆ ಅರೇಬಿಕಾದ ಚಿಗುರು ಕೂರಿಸಿ ಪಟ್ಟಿ ಸುತ್ತುತ್ತಿದ್ದ. ಕೂಡಿದ ಜಾಗದಲ್ಲಿ ಒಂದು ಗಂಟು. ಗಿಡ ಇಳಿಸಿದ ದಿನ ಆ ಗಂಟಿನ ಮೇಲೆ ಬೆರಳಿಟ್ಟು ತೋರಿಸಿದ್ದ.

“ಅಕ್ಕ, ಇದರ ಮೇಲಕ್ಕೆ ಬರೋದು ಮಾತ್ರ ನಿಮ್ದು. ಕೆಳಗಿಂದ ಚಿಗುರು ಬಂದ್ರೆ ಕಿತ್ತು ಬಿಸಾಕ್ತಾ ಇರಿ. ಬಿಟ್ರೆ ಅದು ಮೇಲಿಂದನ್ನ ತಿಂದ್ಬಿಡ್ತದೆ.”

ಭಾವನವರು ಬದುವಿನ ಮೇಲೆ ಬೀಡಿ ಸೇದುತ್ತ ನಿಂತಿದ್ದರು. “ಕಸಿ ಅಂದ್ರೇ ಕಸ್ಕೊಳ್ಳೋದು ಕಣ್ಲಾ ಕೃಷ್ಣ. ಒಂದರ ತಲೆ ತೆಗ್ದು ಇನ್ನೊಂದರ ತಲೆ ಇಕ್ಕೋದು ಯಾವ ಬೇಸಾಯ?” ಅಂದರು. ನನ್ನ ಹತ್ತಿರ ನೇರವಾಗಿ ಮಾತಾಡುವುದಿಲ್ಲ ಅವರು. ನಾನು ಎದುರಿಗೇ ಇದ್ದರೂ ಎಲ್ಲ ಮಾತೂ ತಮ್ಮನ ಮೂಲಕ ಬರಬೇಕು. ನಾನೂ ಅಷ್ಟೆ. “ನಿಮ್ಮಣ್ಣನವರಿಗೆ ಹೇಳ್ರೀ, ಬೇಸಾಯ ಕಲೀಬೇಕು ಅಂದ್ರೆ ಬೀಡಿ ಆರಿಸಿ ಬಂದು ಗುಂಡಿ ತೋಡ್ಲಿ” ಅಂದೆ. ನಮ್ಮವರು ಇಬ್ಬರಿಗೂ ‘ಹೂಂ’ ಅಂದರು.

ಆ ವರ್ಷವೇ ಭಾವನವರ ಒಂದು ಬೆಳೆ ರೇಷ್ಮೆಹುಳ ಗೂಡು ಕಟ್ಟುವ ಮುಂಚೆಯೇ ಸತ್ತುಹೋಯಿತು. ಸೆಕೆಗೆ ಸತ್ತವು, ಊರಲ್ಲಿ ಬೇರೆಯವರ ಮನೆಯಲ್ಲೂ ಸತ್ತಿದ್ದವು. ಆದರೆ ನಾನು ಕಾಫಿಗೆ ಹೊಡೆದ ಔಷಧಿ ಗಾಳಿಯಲ್ಲಿ ಹಾರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತು ಹುಳ ಕೊಂದಿತು ಅಂತ ಅವರು ಜಗಲಿಯಲ್ಲಿ ಕೂತು ಸಾರಿದರು. ನಾನು ಕಾಂಡಕ್ಕೆ ಬಳಿದದ್ದು ಸುಣ್ಣ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಅನ್ನುವುದು ಇದಕ್ಕೇ. ಅವತ್ತಿನಿಂದ ಎರಡು ಒಲೆ ಆಯಿತು, ಅವರ ಮನೆಯ ಸಾರಿನ ಒಗ್ಗರಣೆ ವಾಸನೆ ಬಂದರೂ ನನಗೆ ಸಿಟ್ಟು ಬರುತ್ತಿತ್ತು.

ಎರಡನೇ ವರ್ಷ ನನ್ನ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮಾಗಡಿಗೆ ಹೋದವಳು ಮಳೆಗಾಲ ಪೂರ್ತಿ ಅಲ್ಲೇ ಇರಬೇಕಾಯಿತು. ತೋಟ ನೋಡಿಕೊಳ್ಳಿ ಅಂತ ನಮ್ಮವರಿಗೆ ಹೇಳಿ ಹೋಗಿದ್ದೆ. ಅವರು ‘ಹೂಂ’ ಅಂದಿದ್ದರು.

ತಿರುಗಿ ಬಂದು ನೋಡಿದರೆ ಪಡುವಣ ಅರ್ಧ ತೋಟದಲ್ಲಿ ನನ್ನ ಗಿಡಗಳೇ ಇರಲಿಲ್ಲ. ಎಲ್ಲವನ್ನೂ ಬುಡಕ್ಕೆ, ನೆಲಕ್ಕೆ ಸಮನಾಗಿ ಕಡಿದಿದ್ದರು. ಕಡಿದ ಮೋಟಿನ ಸುತ್ತ ಹೊಸ ಚಿಗುರು ದಬದಬ ಎದ್ದಿತ್ತು. ಹಿಪ್ಪುನೇರಳೆಯನ್ನು ನಮ್ಮ ಸೀಮೆಯಲ್ಲಿ ಹೀಗೇ ಬುಡಕ್ಕೆ ಕಡಿಯುತ್ತಾರೆ. ಕಡಿದಷ್ಟೂ ಅದು ಚಿಗುರುತ್ತದೆ, ಎಲೆ ಅಗಲ ಆಗುತ್ತದೆ. ಭಾವನವರು ಕಾಫಿಗೂ ಅದನ್ನೇ ಮಾಡಿದ್ದರು! ನಮ್ಮವರನ್ನು ಕೇಳಿದೆ. “ಅಣ್ಣ ಒಸಿ ಸವರ್ತೀನಿ ಅಂದ್ರು. ಒಳ್ಳೇದಕ್ಕೇ ಅಲ್ವಾ ಅಂದ್ಕೊಂಡೆ” ಅಂದರು.

ಆ ದಿನ ತೋಟದಿಂದ ಮನೆವರೆಗೆ ನಾನು ಕೂಗಿಕೊಂಡೇ ಬಂದೆ. ಜಗಲಿಯ ಮೇಲಿದ್ದ ಭಾವನವರು ಏಳಲೂ ಇಲ್ಲ.

“ಕೃಷ್ಣ, ನಿನ್ ಎಂಡ್ತಿಗೆ ಹೇಳ್ಲಾ, ಗಿಡ ಸತ್ತೋಗಿಲ್ಲ, ಚಿಗುರ್ಕೊಂಡದೆ ಅಂತ. ಕಡಿಯೋ ಗಿಡನ ಕಡೀಬೇಕು. ಅವ್ಳ ಸಾಲ್ನಾಗೆ ಕಡ್ಡಿ ಥರ ನಿಂತವೆ, ನಮ್ ಸಾಲು ನೋಡು, ಎಲೆ ಅಂಗೈ ಅಗಲ ಆಗವೆ.”

“ಚಿಗುರಿರೋದು ನನ್ನ ಗಿಡ ಅಲ್ಲ, ಬೇರಿನ ಗಿಡ ಅಂತ ಹೇಳ್ರೀ! ಗಂಟೇ ಹೋಗೈತೆ. ಅದು ರೋಬಸ್ಟಾ!”

“ಒಂದೇ ಗುಂಡಿ, ಒಂದೇ ಬೇರು. ಅದೆಂಗೆ ಎರಡು ಜಾತಿ ಆಯ್ತದೆ?” ಅಂದು ಭಾವನವರು ಟವೆಲ್ ಕೊಡವಿ ಒಳಗೆ ಹೋದರು.

ಊರಲ್ಲಿ ಯಾರೂ ನನ್ನ ಮಾತು ನಂಬಲಿಲ್ಲ. ಎಲ್ಲರೂ ಹಿಪ್ಪುನೇರಳೆ ಕಡಿದು ಬೆಳೆದವರೇ. ಕಡಿದ ಮೇಲೆ ಎಲೆ ದೊಡ್ಡದಾಗುವುದು ಅವರಿಗೆ ಗೊತ್ತು, ಎಲೆ ದೊಡ್ಡದಾಗಿದೆ, ಅಲ್ಲಿಗೆ ಮುಗಿಯಿತು. ಡೈರಿಗೆ ಹಾಲು ಹಾಕಲು ಬಂದ ಹೆಂಗಸರು ಕೂಡ “ನಿಮ್ ಭಾವನ ಕೈಗುಣ ಬುಡಮ್ಮ” ಅಂದರು. ಕೈಗುಣವಂತೆ! ಮೂಡಣ ಅರ್ಧವನ್ನು ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಭಾವನವರು ಕುಡುಗೋಲು ಹಿಡಿದು ಆ ಕಡೆ ಹೆಜ್ಜೆ ಇಟ್ಟರೆ ನಾನು ಮಚ್ಚು ಹಿಡಿದು ಹೋಗಿ ನಿಲ್ಲುತ್ತಿದ್ದೆ. ಇಬ್ಬರೂ ಏನೂ ಮಾತಾಡುತ್ತಿರಲಿಲ್ಲ, ಮಧ್ಯೆ ತಮ್ಮ ಇರುತ್ತಿರಲಿಲ್ಲವಲ್ಲ.

ಗಿಡ ಚೆನ್ನಾಗಿ ಕಾಯಿ ಹಿಡಿದ ವರ್ಷ, ಅಂದರೆ ಈ ವರ್ಷ, ಭಾವನವರು ಹೊಸ ಮಾತು ತೆಗೆದರು. ಕಾಫಿ ಕಿತ್ತು ತೋಟಕ್ಕೆಲ್ಲ ಹಿಪ್ಪುನೇರಳೆ ಹಾಕಬೇಕಂತೆ. ನಾನು ಆಗುವುದಿಲ್ಲ ಅಂದೆ. ವಾದ ಬೆಳೆದು ಕೊನೆಗೆ ಅವರೇ ಒಂದು ಪಂಥ ಕಟ್ಟಿದರು. “ಮೂಡ್ಲ ಕಡೆ ಅವ್ಳದ್ದು, ಪಡುವ್ಲ ಕಡೆ ನಂದು ಅಂತ ಇಟ್ಕೋ. ಫಸಲು ಬರ್ಲಿ. ಕನಕಪುರದ ಅಶ್ವಥ್ ಬಂದು ನೋಡ್ಲಿ. ಯಾವ್ದು ತೂಕವೋ ಆ ಕಡೆಯವರ ಮಾತು ಇಡೀ ತೋಟಕ್ಕೆ ನಡೀಲಿ.”

ಅಶ್ವಥ್ ಭಾವನವರ ಹೆಂಡತಿಯ ಕಡೆ ನೆಂಟ, ಕನಕಪುರದಲ್ಲಿ ಕಾಫಿ ಬೀಜ ಹುರಿದು ಪುಡಿ ಮಾಡುವವನು. ಅವರ ಕಡೆಯವನೇ ಆದರೂ ಆಗಲಿ, ಕಾಳು ನೋಡಿದರೆ ನಿಜ ಹೇಳಲೇಬೇಕು, ಅವನ ಕಸುಬೇ ಅದು ಅಂತ ನಾನು ಒಪ್ಪಿದೆ. ದೇವರ ಮುಂದೆ ಕರ್ಪೂರ ಹಚ್ಚಿ ಮಾತು ಕೊಟ್ಟೆ. ನನ್ನ ಕಡೆಯಿಂದ ರಸೂಲ್‌ನನ್ನು ಕರೆಸುತ್ತೇನೆ ಅಂದೆ. ನನ್ನ ಗಿಡ ಉಳಿಯಬೇಕು, ಪಡುವಣದ್ದು ಹಾಳಾದದ್ದು ಅವರ ಕೈಯಿಂದಲೇ ಅಂತ ನಾಲ್ಕು ಜನರ ಎದುರಿಗೆ ಸಾಬೀತಾಗಬೇಕು. ಇಷ್ಟೇ ಬೇಕಾಗಿದ್ದದ್ದು.

ನನ್ನ ಕಡೆಯ ಹಣ್ಣು ಕಾರ್ತಿಕ ಮಾಸಕ್ಕೇ ಕೆಂಪಾಯಿತು. ಅವರದು ಸಂಕ್ರಾಂತಿ ಹಬ್ಬಕ್ಕೂ ಹಸಿರು. ನೋಡಿ, ಎರಡು ಜಾತಿ ಅಂತ ಮತ್ತೆ ಕೂಗಿದೆ. “ದಪ್ಪ ಆಗೋ ಕಾಯಿ ನಿಧಾನಕ್ಕೆ ಹಣ್ಣಾಯ್ತದೆ ಅಂತ ಹೇಳ್ಲಾ” ಅಂದರು ಭಾವನವರು. ಅವರ ಕಾಯಿ ನನ್ನದಕ್ಕಿಂತ ಚಿಕ್ಕದು, ಗೊಂಚಲು ಮಾತ್ರ ದೊಡ್ಡದು. ಕೊಂಬೆಗಳು ಬಾಗಿ ನೆಲ ಮುಟ್ಟುತ್ತಿದ್ದವು. ಅದನ್ನು ನೋಡಿದಾಗೆಲ್ಲ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಗುತ್ತಿತ್ತು. ಹೌದು, ಹೊಟ್ಟೆಕಿಚ್ಚೇ. ಮುಚ್ಚಿಟ್ಟು ಏನಾಗಬೇಕು?

ಶಿವರಾತ್ರಿ ಕಳೆದ ಮೇಲೆ ಅಶ್ವಥ್ ಬಂದ, ನಾನು ಕರೆಸಿದ್ದ ರಸೂಲ್ ಕೂಡ ಬಂದ. ಎರಡೂ ಕಡೆಯ ಕಾಳು ಒಣಗಿಸಿ, ಸಿಪ್ಪೆ ತೆಗೆಸಿ, ಬೇರೆ ಬೇರೆ ಮೂಟೆ ಕಟ್ಟಿಟ್ಟಿದ್ದೆವು. ನಮ್ಮ ಅಂಗಳದಲ್ಲೇ ತಕ್ಕಡಿ ಕಟ್ಟಿದರು. ತೂಕ ನೋಡುವುದಕ್ಕೆ ಹೊತ್ತು ಹಿಡಿಯಲಿಲ್ಲ. ಅವರ ಮೂಟೆಗಳು ನನ್ನದಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು. ಭಾವನವರು ಮೀಸೆ ಮೇಲೆ ಕೈ ಹಾಕಿದರು. ನನ್ನ ಸರದಿ ಇನ್ನೂ ಬಂದಿರಲಿಲ್ಲ.

ಅಶ್ವಥ್ ಎರಡು ತಟ್ಟೆಯಲ್ಲಿ ಕಾಳು ಹರಡಿದ. ಬಗ್ಗಿ ಮೂಸಿದ. ಜರಡಿ ಆಡಿಸಿದ. ನನ್ನ ತಟ್ಟೆಯ ಕಾಳು ಉದ್ದಕ್ಕೆ, ಚಪ್ಪಟೆಯಾಗಿ, ನಡುವಿನ ಗೆರೆ ಡೊಂಕಾಗಿ ಇತ್ತು. ಜಳ್ಳು ಒಂದಿಷ್ಟಿತ್ತು, ಅದನ್ನೂ ಅವನು ಮುಚ್ಚಿಡಲಿಲ್ಲ. ಬಿಸಿಲು ಜಾಸ್ತಿಯಾಗಿ ಕೆಲವು ಕಾಳು ತುಂಬಿಲ್ಲ ಅಂದ. ಅವರ ತಟ್ಟೆಯದು ಗುಂಡಗೆ, ಗೆರೆ ನೆಟ್ಟಗೆ. ಆಮೇಲೆ ತಾನೇ ತಂದಿದ್ದ ಸಣ್ಣ ಬಾಣಲೆಯಲ್ಲಿ ಎರಡನ್ನೂ ಹುರಿದು, ತರಿತರಿಯಾಗಿ ಪುಡಿ ಮಾಡಿ, ಲೋಟದಲ್ಲಿ ಹಾಕಿ ಬಿಸಿನೀರು ಸುರಿದ. ಹಾಲಿಲ್ಲ, ಸಕ್ಕರೆ ಇಲ್ಲ. ಚಮಚದಲ್ಲಿ ಎತ್ತಿ ಸೊರ್ರನೆ ಎಳೆದು ಉಗಿದ. ಮೊದಲು ಅವರದು. ಆಮೇಲೆ ನನ್ನದು. ನನ್ನದನ್ನು ಮತ್ತೊಂದು ಸಲ ಎಳೆದ, ಉಗಿಯಲಿಲ್ಲ, ನುಂಗಿದ.

“ಮಾವ, ಬೇಜಾರ್ ಮಾಡ್ಕೋಬೇಡಿ. ಇದೂ ಅದೂ ಒಂದೇ ಜಾತಿ ಅಲ್ಲ. ಅಕ್ಕಂದು ಅರೇಬಿಕಾ. ನಿಮ್ದು ರೋಬಸ್ಟಾ. ಈ ಬಿಸಿಲಲ್ಲಿ ಇಂಥ ರುಚಿ ಬತ್ತದೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ. ನಿಂಬೆಹಣ್ಣಿನ ಥರ ಒಸಿ ಹುಳಿ, ಹಿಂದುಗಡೆ ಸಿಹಿ. ನಿಮ್ದು ಕಹಿ, ಚಿಕೋರಿ ಜೊತೆ ಬೆರೆಸೋಕೆ ಆಯ್ತದೆ ಅಷ್ಟೆ.”

ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಒಬ್ಬಳೇ ಕೂಗಿದ ಮಾತನ್ನು ಅವರ ಕಡೆಯವನ ಬಾಯಲ್ಲೇ ಕೇಳುವ ಸುಖ ಏನು ಅಂತ ಅನುಭವಿಸಿದವರಿಗೇ ಗೊತ್ತು.

ಭಾವನವರು ಎದ್ದು ನೇರ ರಸೂಲ್ ಮೇಲೆ ಹೋದರು. “ಅಂಗಾದ್ರೆ ಇವ್ನು ಮೋಸ ಮಾಡವ್ನೆ. ಅರ್ಧ ಗಿಡ ಬೇರೆ ಜಾತಿ ಕೊಟ್ಟವ್ನೆ!”

ರಸೂಲ್ ಮುಖ ಕೆಂಪಾಯಿತು. “ಬನ್ನಿ ಸ್ವಾಮಿ ತೋಟಕ್ಕೆ, ನನ್ ಕೈಕೆಲಸಕ್ಕೆ ಹೆಸರಿಡ್ಬೇಡಿ” ಅಂದ. ಎಲ್ಲರೂ ಹೋದೆವು. ಪಡುವಣ ಸಾಲಿನ ಒಂದು ಗಿಡದ ಬುಡದಲ್ಲಿ ಕೂತು ಮಣ್ಣು ಸರಿಸಿದ. ಹಳೆಯ ಕಡಿತದ ಗುರುತು ಒಣಗಿ ಕಪ್ಪಾಗಿತ್ತು, ಈಗಿನ ಕಾಂಡಗಳು ಅದರ ಪಕ್ಕದಿಂದ ಎದ್ದಿದ್ದವು. ಗಂಟು ಎಲ್ಲೂ ಇರಲಿಲ್ಲ. ಮೂಡಣ ಸಾಲಿಗೆ ಬಂದು ನನ್ನ ಗಿಡದಲ್ಲಿ ನೆಲದಿಂದ ಒಂದು ಗೇಣಿನೊಳಗೆ ಇದ್ದ ಗಂಟು ತೋರಿಸಿದ. “ಇದನ್ನ ಕಡಿದು ಬಿಸಾಕಿದ್ದು ನೀವು. ಉಳಿದಿದ್ದು ಬೇರು, ಬೇರು ಅದರ ಜಾತಿದೇ ಚಿಗುರ್ತು.”

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅಂತಾರಲ್ಲ, ಅದು ಗಿಡಕ್ಕೂ ಸರಿ, ನಮ್ಮ ಭಾವನವರಿಗೂ ಸರಿ. ಈಗ ತಪ್ಪಾಯಿತು ಅಂತಾರೆ, ನನಗಲ್ಲದಿದ್ದರೂ ರಸೂಲ್‌ಗಾದರೂ ಅಂತಾರೆ ಅಂತ ನಾನು ಕಾದೆ. ಅವರು ಟವೆಲಿನಿಂದ ಕತ್ತು ಒರೆಸಿಕೊಂಡು ತಮ್ಮನ ಕಡೆ ತಿರುಗಿದರು.

“ಅಂಗಾದ್ರೆ ನಾನು ಕಡಿದಿದ್ದಕ್ಕೇ ಫಸಲು ಬಂತು ಅಂತ ಆಯ್ತಲ್ಲ ಕೃಷ್ಣ?”

ನಮ್ಮವರ ಉತ್ತರಕ್ಕೂ ಕಾಯದೆ ಅವರೇ ಮುಂದುವರಿಸಿದರು.

“ಏನು ಪಂಥ ಕಟ್ಟಿದ್ದೊ? ಯಾವ್ದು ತೂಕವೋ ಅವರ ಮಾತು. ತೂಕ ಯಾರ್ದು?”

“ತೂಕ ಅಂದ್ರೆ ಬರೀ ತಕ್ಕಡಿ ಅಲ್ಲ!” ನಾನು ಮೊದಲ ಸಲ ನೇರ ಅವರ ಮುಖಕ್ಕೇ ಹೇಳಿದೆ. “ತೂಕದ ಮಾತು ಅಂತೀವಿ, ತೂಕದ ಮನುಷ್ಯ ಅಂತೀವಿ. ಮೂಟೆ ಮೇಲೆ ಕೂರಿಸಿ ತೂಗಿ ಹೇಳ್ತೀವಾ? ಯೋಗ್ಯತೆ ನೋಡೋಕಲ್ವಾ ಅಶ್ವಥ್‌ನ ಕರೆಸಿದ್ದು?”

“ತೂಕ ಅಂದ್ರೆ ತೂಕ ಕಣ್ಲಾ ಕೃಷ್ಣ” ಅಂದರು ಅವರು, ನನ್ನನ್ನು ನೋಡದೆ. “ಕಾಫಿ ಕೀಳೋದು ಬ್ಯಾಡ. ನನಗೂ ಈಗ ಕಾಫಿ ಒಪ್ಪಿಗೆ ಆಯ್ತು. ಆದ್ರೆ ಮೂಡ್ಲ ಕಡೇನೂ ಬುಡಕ್ಕೆ ಕಡೀರಿ. ಇಡೀ ತೋಟ ಒಂದೇ ಥರ ಆಗ್ಲಿ.”

ಅಶ್ವಥ್ “ಮಾವ, ಒಳ್ಳೆ ಕಾಳು, ಕಡಿಸ್ಬೇಡಿ” ಅಂದ. ರಸೂಲ್ ತಲೆ ಕೆಳಗೆ ಹಾಕಿದ. ನಾನು ನಮ್ಮವರ ಮುಖ ನೋಡಿದೆ. ಅವರು ಗಂಟಲು ಸರಿಮಾಡಿಕೊಂಡರು. ಏನೋ ಹೇಳುತ್ತಾರೆ ಅಂದುಕೊಂಡೆ. “ಮಾತು ಕೊಟ್ಟಾಯ್ತಲ್ಲ...” ಅಂದರು ಅಷ್ಟೆ. ಆಗ ಭಾವನವರ ಮೇಲೆ ಇದ್ದ ಸಿಟ್ಟಿಗಿಂತ ಹೆಚ್ಚಿನ ಸಿಟ್ಟು ನನಗೆ ಗಂಡನ ಮೇಲೆ ಬಂತು. ಶತ್ರು ಶತ್ರುವಿನ ಕೆಲಸ ಮಾಡುತ್ತಾನೆ. ಗಂಡ ಯಾವ ಕೆಲಸ ಮಾಡಿದ?

ಅಂದರೆ ನಾನು ಹೇಳಿದ್ದೆಲ್ಲ ನಿಜವಾಗಿತ್ತು. ಎಲ್ಲರಿಗೂ ಗೊತ್ತಾಗಿತ್ತು. ಆದರೂ ನನ್ನ ಗಿಡದ ತಲೆ ಹೋಗುವುದಿತ್ತು.

ಮಾರನೇ ದಿನ ಹಾಲು ಅಳೆದು ಮುಗಿಸಿ ನಮ್ಮವರು ಬರುವ ಮುಂಚೆಯೇ ನಾನು ಮಚ್ಚು, ಗರಗಸ ಎರಡೂ ತೆಗೆದುಕೊಂಡು ತೋಟಕ್ಕೆ ಹೋದೆ. ಕೂಲಿಯವರ ಕೈಯಲ್ಲಾಗಲಿ ಅವರ ಕೈಯಲ್ಲಾಗಲಿ ಕಡಿಸುವುದಿಲ್ಲ, ನಾನೇ ಕಡಿಯುತ್ತೇನೆ ಅಂತ ಹೇಳಿ ಕಳಿಸಿದ್ದೆ. ಭಾವನವರು ಬಂದು ಬದುವಿನ ಮೇಲೆ ಕೂತರು, ಬೀಡಿ ಹಚ್ಚಿದರು. ಮೊದಲನೇ ಗಿಡದ ಮುಂದೆ ಮಂಡಿಯೂರಿದೆ. ಗಂಟು ಬೆರಳಿಗೆ ಸಿಕ್ಕಿತು. ಅದರ ಮೇಲಕ್ಕೆ ಒಂದು ಗೇಣು ಬಿಟ್ಟು ಗರಗಸ ಇಟ್ಟೆ. ಗಂಟು ಉಳಿದರೆ ನನ್ನ ಗಿಡ ಉಳಿಯಿತು. ಎರಡು ಫಸಲು ಹೋಗಬಹುದು, ಹೋಗಲಿ. ಚಿಗುರುವುದು ಅರೇಬಿಕಾವೇ. ಕೊಟ್ಟ ಮಾತಿನಂತೆ ಕಡಿದೆನಲ್ಲ, ಇನ್ನೇನು? ರಸೂಲ್ ಅಷ್ಟು ಬಿಡಿಸಿ ತೋರಿಸಿದರೂ ಭಾವನವರು ಗಂಟಿನ ಕಡೆ ತಿರುಗಿಯೂ ನೋಡಿರಲಿಲ್ಲ. ಕಡಿದರೆ ಬರುತ್ತದೆ ಅನ್ನುವುದಷ್ಟೇ ಅವರ ಕಿವಿಗೆ ಹೋಗಿತ್ತು.

ಒಂದು ಸಾಲು ಮುಗಿಯುವ ಹೊತ್ತಿಗೆ ನಮ್ಮವರು ಬಂದರು. ಡೈರಿಯಿಂದ ನೇರ ಬಂದಿದ್ದರು, ಅಂಗಿಯಲ್ಲಿ ಹಾಲಿನ ವಾಸನೆ. ಕಡಿದ ಮೋಟುಗಳನ್ನು ನೋಡಿದರು. ಬಗ್ಗಿ ಒಂದರ ಗಂಟನ್ನು ಮುಟ್ಟಿದರು. ಈ ಪುಣ್ಯಾತ್ಮ ಈಗ ಅಣ್ಣನಿಗೆ ಹೇಳಿಬಿಡುತ್ತಾರೆ ಅಂದುಕೊಂಡೆ.

ಭಾವನವರು ಎದ್ದು ಬರುತ್ತಿದ್ದರು. “ಏನ್ಲಾ ಇದು? ಎತ್ತರ ಬುಟ್ಟವ್ಳೆ. ಬುಡಕ್ಕೆ ಕಡೀಬೇಕು ಅಂದಿರ್ಲಿಲ್ವಾ? ಕೊಡು ಇಲ್ಲಿ ಮಚ್ಚನ್ನ.” ಕೈ ಚಾಚಿದರು.

ಮಚ್ಚು ನೆಲದ ಮೇಲಿತ್ತು. ನಮ್ಮವರು ಅದನ್ನು ಎತ್ತಿಕೊಂಡರು. ಅಣ್ಣನ ಕೈಗೆ ಕೊಡಲಿಲ್ಲ.

“ಇಷ್ಟೇ ಇರ್ಲಿ ಅಣ್ಣ.”

“ಏನು?”

“ಇಷ್ಟೇ ಎತ್ತರ ಇರ್ಲಿ ಅಂದೆ. ಗಂಟು ಉಳೀಬೇಕು. ನಿಂಗೆ ಗೊತ್ತಾಗಲ್ಲ. ನೀನು ಹೋಗು ಮನೆಗೆ.”

ಭಾವನವರ ಬಾಯಲ್ಲಿದ್ದ ಬೀಡಿ ಹಾಗೇ ನಿಂತಿತು. ತಮ್ಮನ ಬಾಯಲ್ಲಿ ಅಂಥ ಮಾತು ಅವರು ಹುಟ್ಟಿದಾಗಿನಿಂದ ಕೇಳಿದವರಲ್ಲ. ಮಚ್ಚು ನೋಡಿದರು, ಮಚ್ಚು ಹಿಡಿದ ಕೈ ನೋಡಿದರು. “ಎಂಡ್ತಿ ಸೆರಗು ಹಿಡಿದ್ಯಲ್ಲೋ ಥೂ” ಅಂದು ಉಗಿದು, ಬದು ದಾಟಿ ಹೊರಟುಹೋದರು. ಇನ್ನು ಈ ಜನ್ಮದಲ್ಲಿ ಅಣ್ಣ ತಮ್ಮ ಮಾತಾಡುವುದಿಲ್ಲ ಅಂತ ನನಗೆ ಆಗಲೇ ಗೊತ್ತಾಯಿತು. ನಮ್ಮವರಿಗೂ ಗೊತ್ತಾಗಿತ್ತು.

ಸಮಾಧಾನ ಹೇಳಬೇಕಿತ್ತು, ಬೇರೆ ಹೆಂಗಸಾಗಿದ್ದರೆ ಹೇಳುತ್ತಿದ್ದಳೇನೋ.

“ಈ ಬಾಯಿ ನಾನು ಮಾಗಡಿಯಲ್ಲಿದ್ದಾಗ ಎಲ್ಲಿ ಹೋಗಿತ್ತು?” ಅಂದೆ. “ಅವತ್ತು ಇದೇ ಮಾತು ಆಡಿದ್ರೆ ಪಡುವಣದ ಗಿಡಾನೂ ಉಳೀತಿತ್ತು. ನಿಮ್ಮಣ್ಣಾನೂ ಉಳೀತಿದ್ರು.”

ಅವರು ‘ಹೂಂ’ ಅನ್ನಲಿಲ್ಲ. ಮುಂದಿನ ಗಿಡದ ಮುಂದೆ ಕೂತು, ಬೆರಳಿನಿಂದ ಗಂಟು ಹುಡುಕಿದರು.